ಹಬ್ಬದ ಹೊಗೆಯಲ್ಲಿ ಸಿಂಹ

ಬಕ್ರೀದಿನ ಹಿಂದಿನ ದಿನ ಕಾಸಾಬ್ಲಾಂಕಾದ ನಮ್ಮ ಓಣಿಯಲ್ಲಿ ಸಾಣೆ ಹಿಡಿಯುವವನ ಮುಂದಿನ ಸಾಲು ಕರಗುವುದೇ ಇಲ್ಲ. ನನ್ನ ಮುಂದೆ ಚೂರಿಗಳ ಗಂಟು ಹಿಡಿದು ನಿಂತಿದ್ದವರು ರ‍್ಯಾಪ್ ಹಾಡುವ ಜುಹೈರ್ ಮತ್ತು ಅವನ ಅಕ್ಕ ಇಬ್ತಿಸಾಮ್.

"ವಿಡಿಯೋಗೆ ಹೊಗೆ ಬೇಕೇ ಬೇಕಕ್ಕ. ಹೊಗೆ ಬಿಡೋ ಮಷಿನ್ ಬಾಡಿಗೆ ನಮ್ಮ ಕೈಲಾಗಲ್ಲ."

"ಮಷಿನ್ ಯಾಕೋ? ನಾಳೆ ಹುಡುಗರು ಮೂಲೆಮೂಲೇಲಿ ಬೆಂಕಿ ಹಾಕಿ ಕುರಿತಲೆ ಸುಡ್ತಾರಲ್ಲ. ಇಡೀ ಓಣಿ ಹೊಗೆ. ಅದರೊಳಗಿಂದ ಹಾಡ್ಕೊಂಡು ಬಾ, ನಾನು ಫೋನಲ್ಲಿ ಹಿಡೀತೀನಿ."

"ಅಬ್ಬಾ! ಹಾಗಾದ್ರೆ ನಾಳೇನೇ."

"ನಾಳೆ ತಪ್ಪಿದ್ರೆ ಮುಂದಿನ ಬಕ್ರೀದೇ. ಆದ್ರೆ ನಾಳೆ ಹೊಗೆ ಏಳೋ ಹೊತ್ತಿಗೆ ನಾನು ಅಮ್ಮನ ಜೊತೆ ತಾರಸಿ ಮೇಲೆ ಬೋಟಿ ತೊಳೀತಾ ಕೂತಿರ್ತೀನಿ."

"ಏನಾದ್ರೂ ಸುಳ್ಳು ಹೇಳಿ ಎದ್ದು ಬಾ."

"ಬೋಟಿ ಬಿಟ್ಟು ಎದ್ರೆ ಅಮ್ಮ ಟಗರಿನ ಜೊತೆ ನನ್ನನ್ನೂ ಕೊಯ್ತಾಳೆ. ನೀನೂ ಕೂತು ತೊಳಿ, ಬೇಗ ಮುಗಿಯುತ್ತೆ."

"ನಾನಾ? 'ಈ ಓಣಿಗೆ ನಾನೇ ಸಿಂಹ' ಅಂತ ಹಾಡೋನು ಬೋಟಿ ತೊಳೀಬೇಕಾ? ಅಕ್ಕಪಕ್ಕದ ತಾರಸಿಯಿಂದ ಎಲ್ಲರೂ ನೋಡ್ತಾರೆ!"

"ನೋಡ್ಲಿ. ಸಿಂಹ ಮೊದಲು ಬಾಯಿ ಹಾಕೋದೇ ಬೋಟಿಗೆ ಕಣೋ. ಬೇಡವಾ? ಬೇರೆ ಯಾರಾದ್ರೂ ವಿಡಿಯೋ ಮಾಡಿಕೊಡೋರಿದ್ರೆ ಕರ್ಕೊಂಡು ಬಾ."

ಸಾಣೆಕಲ್ಲಿನಿಂದ ಕಿಡಿ ಹಾರುತ್ತಿತ್ತು. ಅವರ ಸರದಿ ಬಂತು. ಹರಿತವಾದ ಚೂರಿಗಳನ್ನು ಜುಹೈರನೇ ಬಟ್ಟೆಯಲ್ಲಿ ಸುತ್ತಿಕೊಂಡ.

"ಸರಿ. ಕರುಳು ನಾನು ತೊಳೀತೀನಿ, ಹೊಟ್ಟೆ ನೀನು."

"ಎರಡರಲ್ಲೂ ಅರ್ಧರ್ಧ."

"ಆಯ್ತು ಮಾರಾಯ್ತಿ. ಕೈ ವಾಸನೆ ಹೋಗುತ್ತಾ?"

"ಹಬ್ಬ ಮುಗಿಯೋವರೆಗೂ ಹೋಗಲ್ಲ. ವಿಡಿಯೋಗೆ ವಾಸನೆ ಇಲ್ವಲ್ಲ, ನಡಿಯಪ್ಪ ಸಿಂಹ."