ನಲವತ್ತೊಂದು ಕಲ್ಲುಗಳ ಪಟ್ಟಿ

ಜೀರ್ಣೋದ್ಧಾರ ಸಮಿತಿಯ ಮಾನ್ಯ ಅಧ್ಯಕ್ಷರೇ, ಪೂಜ್ಯ ಪಾದ್ರಿ ಬೆಸಾರಿಯನ್ ಅವರೇ, ರಾಜಧಾನಿ ತಿಬಿಲಿಸಿಯಿಂದ ದಯಮಾಡಿಸಿರುವ ನನ್ನ ಗುರುಗಳೇ, ನಮ್ಮೂರು ತುತಿಯಾನಿಯ ಸಭಿಕರೇ,

ಇಂದು ಎರಡು ಸಾವಿರದ ಹತ್ತೊಂಬತ್ತನೆಯ ಇಸವಿಯ ನವೆಂಬರ್ ಇಪ್ಪತ್ಮೂರು, ಸಂತ ಗಿಯೋರ್ಗಿಯ ಹಬ್ಬ. ಹದಿಮೂರನೆಯ ಶತಮಾನದ ನಮ್ಮ ಪಾಳುಚರ್ಚಿನ ನಲವತ್ತೊಂದು ಮೂಲ ಕಲ್ಲುಗಳ ಪಟ್ಟಿಯನ್ನು ಓದಿ, ಸಹಿ ಮಾಡಿ, ಜೀರ್ಣೋದ್ಧಾರ ಸಮಿತಿಗೆ ಒಪ್ಪಿಸುವುದಕ್ಕಾಗಿ ನಾನಿಲ್ಲಿ ನಿಂತಿದ್ದೇನೆ. ಆ ಪಟ್ಟಿಯೇ ನನ್ನ ಪ್ರಬಂಧ, ಆ ಪ್ರಬಂಧಕ್ಕೇ ವಿಶ್ವವಿದ್ಯಾಲಯದ ಚಿನ್ನದ ಪದಕ. ಪ್ರಥಮ ಸ್ಥಾನವಲ್ಲದೆ ಬೇರೆ ಸ್ಥಾನ ನನಗೆ ಅಭ್ಯಾಸವಿಲ್ಲ.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ದೇವರನ್ನೊಪ್ಪದ ಅಂದಿನ ಸರ್ಕಾರ ಚರ್ಚನ್ನು ಕೆಡವಿಸಿದಾಗ, ನಮ್ಮ ಹಿರಿಯರು ಮನೆಗೊಂದು ಕಲ್ಲನ್ನು ಹುಲ್ಲಿನ ಗಾಡಿಯಲ್ಲಿ ಅಡಗಿಸಿ ಒಯ್ದರು. ಅದನ್ನು ಗೋಡೆಯಲ್ಲಿ ಕೂರಿಸಿ, ಹಬ್ಬದ ದಿನ ಅದಕ್ಕೇ ಮೇಣದಬತ್ತಿ ಅಂಟಿಸಿದರು. ಆ ಕಲ್ಲುಗಳು ಮರಳಿ ಚರ್ಚಿಗೆ ಹೋಗಬೇಡವೇ? ಹೋಗಲೇಬೇಕು. ಯಾವುದು ಎಲ್ಲಿಗೆ ಎಂದು ಬೆರಳಗಲದ ಲೆಕ್ಕದಲ್ಲಿ ಬರೆದವಳು ನಾನು.

ಹಿಂದಿನ ವಾರ ಒಂದು ತೊಡಕಾಯಿತು. ಪೂರ್ವದ ಕಿಟಕಿಯ ಮೇಲಿನ, ಹಕ್ಕಿ ಕೆತ್ತಿದ ಕಲ್ಲು ಒಂದೇ ಇರಬೇಕು. ಅದು ನಮ್ಮ ಅಡುಗೆಮನೆಯಲ್ಲಿದೆ. ಆದರೆ ಅಂಥದೇ ಇನ್ನೊಂದು ಒಬ್ಬರ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ ಸಿಕ್ಕಿತು. ಹೆಸರು ಬೇಡ, ಮೂರನೆಯ ಸಾಲಿನಲ್ಲಿ ಅವರು ಈಗಾಗಲೇ ಟೋಪಿ ತಿರುವುತ್ತಿದ್ದಾರೆ. ಎರಡೂ ಅದೇ ಜಾಗಕ್ಕೆ ಸರಿಯಾಗಿ ಕೂರುತ್ತವೆ. ಹಾಗಾದರೆ ತಪ್ಪಿದ್ದು ಯಾರು, ನಾನೋ, ಹಕ್ಕಿಯೋ?

ನನ್ನ ಅಜ್ಜಿ ಎಲ್ಪಿತೆಯನ್ನು ಕೇಳಿದೆ.

"ಅಜ್ಜಿ, ಇದ್ರಲ್ಲಿ ಅಸಲಿ ಯಾವ್ದು?"

"ಎರಡೂ ಅಲ್ಲ ಕಣೇ. ಅಸಲಿದು ಬಿದ್ದಾಗ್ಲೇ ಪುಡಿಯಾಯ್ತು. ಇವೆರಡನ್ನೂ ನಮ್ಮಪ್ಪನೇ ಕೆತ್ತಿದ್ದು."

"ಯಾಕೆ?"

"ಆವತ್ತು ಹೆದರಿ ಬಾಗಿಲು ಹಾಕ್ಕೊಂಡೋರಿಗೂ ಹಬ್ಬ ಬರತ್ತಲ್ಲ. ಬತ್ತಿ ಅಂಟಿಸೋಕೆ ಕಲ್ಲು ಬೇಡ್ವಾ? ಒಬ್ಬೊಬ್ರಾಗಿ ಬಂದು ಕೇಳೋರು. ಆ ಚಳಿಗಾಲ ನಮ್ಮಪ್ಪನಿಗೆ ಕೈತುಂಬ ಕೆಲಸ."

"ನಮ್ಮನೆಗೂ ಯಾಕೆ ಕೆತ್ತಿದ? ಅವನೇನು ಹೆದರಿದ್ನಾ?"

"ಊರಿನ ಕಲ್ಲುಕುಟಿಗ ಅಂತ ಕೆಡವೋಕೆ ಸರ್ಕಾರ ಕರೆಸಿದ್ದು ಅವನನ್ನೇ. ಯಾವ ಮುಖ ಇಟ್ಕೊಂಡು ಅಲ್ಲಿಂದ ಕಲ್ಲು ತರ್ತಾನೆ?"

"ಒಟ್ಟು ಎಷ್ಟು ಮನೆಗೆ ಕೆತ್ತಿಕೊಟ್ಟ?"

"ಪದಕ ಬಂದಿರೋದು ನಿಂಗೆ. ನೀನೇ ಹೇಳು."

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಇರಲಿ.

ಮೂರು ದಿನ ಭೂತಗನ್ನಡಿ ಹಿಡಿದು ಮನೆಮನೆ ಸುತ್ತಿದೆ. ಮುತ್ತಜ್ಜನ ಉಳಿಯ ಗುರುತು ಈಗ ನನಗೆ ಓದಲು ಬರುತ್ತದೆ. ಗುರುಗಳಿಗೂ ಅಧ್ಯಕ್ಷರಿಗೂ ವರದಿ ಒಪ್ಪಿಸಿದೆ. "ಅಸಲಿ ಯಾರದು, ನಕಲಿ ಯಾರದು, ಹೆಸರು ಸಮೇತ ಓದ್ಬಿಡು ಮಗಳೇ, ಊರಿಗೆ ಗೊತ್ತಾಗ್ಲಿ" ಎಂದರು ಅಧ್ಯಕ್ಷರು. ತಿದ್ದಿದ ಪಟ್ಟಿ ಓದದಿದ್ದರೆ ಪದಕ ಉಳಿಯದು ಎಂದರು ಗುರುಗಳು. ಅದು ನ್ಯಾಯವೇ.

ಆದರೆ ಸಭಿಕರೇ, ಎಂಟುನೂರು ವರ್ಷದ ಕಲ್ಲಿನ ಮೇಲೂ ಎಂಬತ್ತು ವರ್ಷದ ಕಲ್ಲಿನ ಮೇಲೂ ಮೇಣ ಒಂದೇ ದಪ್ಪಕ್ಕೆ ಕೂತಿದೆ. ಹಾಗಾದರೆ ಮೂಲ ಎಂದರೇನು? ಪರೀಕ್ಷೆಯಲ್ಲಿ ಕೇಳಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ. ಇಂದು ಈ ಪಟ್ಟಿ ಓದಿದರೆ, ಆವತ್ತು ಯಾವ ಯಾವ ಮನೆಯವರು ಹೆದರಿ ಬಾಗಿಲು ಹಾಕಿಕೊಂಡಿದ್ದರೆಂದು ಓದಿದಂತೆಯೇ.

ನನ್ನನ್ನು ಸನ್ಮಾನಿಸಲು ಕರೆದ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರಗಳು. ಪದಕವನ್ನು ಗುರುಗಳ ಮುಂದಿನ ಮೇಜಿನ ಮೇಲೆ ಮರಳಿ ಇಟ್ಟಿದ್ದೇನೆ.

ಪಟ್ಟಿಯನ್ನು ನಾನು ಓದುವುದಿಲ್ಲ.