ಬೆಲೆ ಮೊದಲು, ಸ್ಟೂಲು ಆಮೇಲೆ

ದೇಶದೇಶಗಳಲ್ಲಿ ಅಂಗಡಿ ತೆರೆದಿರುವ ಪೀಠೋಪಕರಣ ಕಂಪನಿಯ ಖರೀದಿ ಕಚೇರಿ. ರಟ್ಟಿನ ಡಬ್ಬ ಮಾರಲು ಬಂದ ನಾನು ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಅಣ್ಣ ತಮ್ಮ ಇಬ್ಬರು. ತಮ್ಮನ ತೊಡೆಯ ಮೇಲೆ ಅವರದೇ ಕಾರ್ಖಾನೆಯ ಸ್ಟೂಲು.

“ಈ ವರ್ಷಾನೂ ಬೆಲೆ ಇಳಿಸಿ ಅಂತಾರಾ ಅಣ್ಣ?”

“ಅನ್ನೋದೇನು ಬಂತು? ಇವರ ಅಂಗಡಿಯ ಬೆಲೆಚೀಟೀಲಿ ಹೊಸ ಬೆಲೆ ಆಗಲೇ ಅಚ್ಚಾಗಿದೆ. ಅದಕ್ಕೆ ತಕ್ಕ ಸ್ಟೂಲು ನಾವು ಮಾಡ್ಕೊಡ್ಬೇಕು.”

“ಹೋದ್ವರ್ಷಾನೇ ಕಾಲು ಸಣ್ಣ ಮಾಡಿದ್ವಿ. ಇನ್ನೂ ಸವೆಸಿದ್ರೆ ಗೋಡೆಗೆ ಒರಗಿಸಿ ನೋಡ್ತಾ ಕೂರ್ಬೇಕಷ್ಟೆ.”

“ಕಾಲು ಮುಟ್ಟೋದು ಬೇಡ.”

“ಆಗಲ್ಲ ಅಂದ್ಬಿಡೋಣ.”

“ಅಂದ್ಬಿಟ್ಟು ಏನ್ಮಾಡೋದು? ಇವರನ್ನ ನಂಬಿ ಬೇರೆ ಗಿರಾಕಿಗಳನ್ನೆಲ್ಲ ಬಿಟ್ಟು ಕೂತಿದೀವಿ.”

“ಮತ್ತೆ ಎಲ್ಲಿ ಉಳಿಸ್ತೀಯ?”

“ಮರ ಉಜ್ಜೋ ಕೋಣೇಲಿ ಧೂಳು ಎಳೆಯೋ ಫ್ಯಾನಿದೆಯಲ್ಲ, ಅದರ ಕರೆಂಟ್ ಬಿಲ್ಲೇ ನಮ್ಮನ್ನ ತಿನ್ತಿರೋದು. ಅದನ್ನ ನಿಲ್ಸಿದ್ರೆ ಸರಿಹೋಗುತ್ತೆ.”

ತಮ್ಮ ಸ್ಟೂಲಿನ ಅಂಚು ಸವರಿದ. “ಆ ಕೋಣೇಲಿ ಕೆಲಸ ಮಾಡೋನು ನಾನು.”

“ಗೊತ್ತು. ಕಿಟಕಿ ತೆಗ್ದಿಟ್ಕೊ.”

ತಮ್ಮನಿಗೆ ಕೆಮ್ಮು ಬಂತು. ಬೇಗ ನಿಲ್ಲಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆದರು. ಅಣ್ಣ ಸ್ಟೂಲನ್ನು ತಾನೇ ಎತ್ತಿಕೊಂಡು ಬಾಗಿಲ ಬಳಿ ತಿರುಗಿ ನಿಂತ.

“ಒಳಗೆ ಮಾತ್ರ ಕೆಮ್ಮಬೇಡ. ಧೂಳಿಲ್ಲದ ಕಾರ್ಖಾನೆ ಅಂತಾನೇ ಇವರು ನಮಗೆ ಆರ್ಡರ್ ಕೊಡ್ತಿರೋದು.”