ಬಿಳಿ ಕಾರಿನ ಮೇಲೆ ಕೆಂಪು ಅಂಗೈ

ಬಾಗಿಲು ಮುಂದಕ್ಕೆ ಎಳೆದು ಹತ್ತಿರ ಕೂತುಕೊಳ್ಳಿ. ಚಳಿಗಲ್ಲ... ಸುಮ್ಮನೆ. ಇದು ನಮ್ಮ ಪಕ್ಕದ ಮನೆಯ ಖಲಂದರನಿಗೆ ಆದದ್ದು, ಇಲ್ಲೇ ಬ್ಯಾಡಗಿಯಲ್ಲಿ. ದೆವ್ವ ಅಂದರೆ ಅಮಾವಾಸ್ಯೆಯ ನಡುರಾತ್ರಿಗೇ ಬರಬೇಕು ಅಂತೀರಿ. ಅದಕ್ಕೇನು ಯಾರಾದರೂ ಡ್ಯೂಟಿ ಹಾಕಿದ್ದಾರೆಯೇ? ಇದು ಬಂದದ್ದು ದೀಪ ಹಚ್ಚುವ ಹೊತ್ತಿಗೆ.

ಖಲಂದರ ಕಾರು ತೊಳೆಯುವವನು. ಅವತ್ತು ಅಂಗಡಿ ಮುಚ್ಚಿ, ಕದರಮಂಡಲಗಿ ರಸ್ತೆಯ ಹಾಳುಬಾವಿ ದಾಟಿ ಮನೆ ಕಡೆ ನಡೆದಿದ್ದ. ಹಿಂದಿನಿಂದ ಸಪ್ಪಳ. ಚಿಟಕ್... ಚಿಟಕ್... ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವ ಸಪ್ಪಳ. ಬ್ಯಾಡಗಿಯವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಮೊದಲು ಚಿಟಕ್, ಆಮೇಲೆ ಕಾಯಿಯೊಳಗೆ ಬೀಜ ಗಲಗಲ, ಆಮೇಲೆ ತಾಡಪತ್ರಿಯ ಮೇಲೆ ಬಿದ್ದದ್ದು ಪಟ್. ತಿರುಗಿ ನೋಡಿದ. ಯಾರೂ ಇಲ್ಲ.

ಅವನು ಹೆದರಲಿಲ್ಲ. ಹೆದರುವುದಕ್ಕೂ ಒಳಗೆ ಒಂದಿಷ್ಟು ಜೀವ ಬೇಕಲ್ಲ. ಹೆಂಡತಿ ಗುಲಾಬಬಿ ತೀರಿಕೊಂಡ ಮೇಲೆ ಕೊರಡಿನ ಹಾಗಾಗಿದ್ದ. ಉಣ್ಣು ಅಂದರೆ ಉಂಡ, ಮಲಗು ಅಂದರೆ ಮಲಗಿದ. ಮಣ್ಣು ಕೊಡುವಾಗಲೂ ಒಂದು ಹನಿ ಕಣ್ಣೀರು ಬರಲಿಲ್ಲ. ಎಂಥಾ ಕಲ್ಲೆದೆಯವನು ಅಂದರು ಮಂದಿ. ಊರ ಬಾಯಿಗೆ ಅಗಳಿ ಇದೆಯೇ?

ಮರುದಿನ ಹಾವೇರಿಯ ವ್ಯಾಪಾರಿ ವಿರೂಪಾಕ್ಷ ತನ್ನ ಬಿಳಿ ಕಾರು ತಂದ. ಹಿಂದಿನ ಬಾಗಿಲ ಮೇಲೆ ಒಂದು ಕೆಂಪು ಅಂಗೈ, ಬೆರಳು ಸಮೇತ.

"ಮಾರ್ಕೆಟ್‌ನ್ಯಾಗ ಯಾರೋ ಕೈ ಹಚ್ಚ್ಯಾರ," ಅಂದ. "ಮನ್ಯಾಗ ತೊಳದೆ. ಹೋಗವಲ್ದು."

ಸುಗ್ಗಿಯಲ್ಲಿ ಇದು ದಿನದ ಮಾತು. ತೊಟ್ಟು ಬಿಡಿಸುವ ಹೆಂಗಸರ ಅಂಗೈ ತುಂಬ ಕಾಯಿಯ ಎಣ್ಣೆಗೆಂಪು. ಎದ್ದು ನಿಲ್ಲುವಾಗ ಆಸರೆಗೆ ಅಂತ ನಿಂತ ಕಾರಿಗೆ ಕೈ ಕೊಡುತ್ತಾರೆ. ಬಿಸಿಲಿಗೆ ಅದು ಒಣಗಿ ಕಚ್ಚಿಕೊಳ್ಳುತ್ತದೆ. ಹೊರಗಿನವರು ಸೋಪು ಹಾಕಿ ಗಸಗಸ ತಿಕ್ಕಿ ಕಾರಿನ ಬಣ್ಣಕ್ಕೇ ಗೀರು ಎಬ್ಬಿಸುತ್ತಾರೆ. ಖಲಂದರ ಹಾಗಲ್ಲ. ಕಾರು ನೆರಳಿಗೆ ತಂದು ತಗಡು ತಣ್ಣಗಾಗಲು ಬಿಡುತ್ತಾನೆ. ಧೂಳನ್ನು ಬರೀ ನೀರಿನಿಂದ ಇಳಿಸುತ್ತಾನೆ. ಶೇಂಗಾ ಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಹಳೇ ಬಟ್ಟೆಯನ್ನು ಕಲೆಯ ಮೇಲೆ ಹಾಸಿ, ಸುಮ್ಮನೆ ಕೂಡುತ್ತಾನೆ. ಎಣ್ಣೆಯ ಬಣ್ಣ ಎಣ್ಣೆಗೇ ಬಿಡುತ್ತದೆ. ಆಮೇಲೆ ಒತ್ತದೆ ಎತ್ತಿ, ಶಾಂಪೂ ನೀರಿನಿಂದ ಜಿಡ್ಡು ತೆಗೆದರೆ ಆಯಿತು. ಕಲಿಸಿದವಳು ಗುಲಾಬಬಿ. ಅವಳೂ ತೊಟ್ಟು ಬಿಡಿಸುವವಳೇ.

ಕಲೆ ಹೋಯಿತು. ಮರುದಿನ ಮಧ್ಯಾಹ್ನ ಅದೇ ಕಾರು ಮತ್ತೆ ಬಂತು. ಅದೇ ಬಾಗಿಲು, ಅದೇ ಕೈ.

ವಿರೂಪಾಕ್ಷನ ದನಿ ಇಳಿದಿತ್ತು. "ಒಳಗ ಬೀಗ ಹಾಕಿ ಇಟ್ಟಿದ್ದೆ, ಖಲಂದರ. ಖರೇ ಹೇಳಾಕತ್ತೇನಿ. ಇವತ್ತ ಹೋಗಲಿಲ್ಲಂದ್ರ ನಾಳೆ ಬಾಗಿಲಾ ಕೆರಸಿ ಬ್ಯಾರೆ ಬಣ್ಣಾನ ಹೊಡಸ್ತೇನಿ."

ಕೀಲಿ ಕೊಟ್ಟು, ಬಸ್ಸಿಗೆ ಹೋದ.

ತಗಡು ತಣ್ಣಗಾಗುವಷ್ಟರಲ್ಲಿ ಹೊತ್ತು ಮುಳುಗಿತು. ಖಲಂದರ ಬಟ್ಟೆ ಅದ್ದಿಕೊಂಡು ಬಗ್ಗಿದ. ಆಗ ಕಂಡಿತು... ಕಿರುಬೆರಳು ಒಳಕ್ಕೆ ಸೊಟ್ಟಗಾಗಿತ್ತು. ಗುಲಾಬಬಿಯ ಕಿರುಬೆರಳು ಹಾಗೇ ಇತ್ತು, ಮದುವೆಗೆ ಮೊದಲೇ ಮುರಿದು ಕೂಡಿದ್ದು.

ಅಲ್ಲಿಯವರೆಗೆ ಅವನು ಯಾರಿಗೂ ಹೇಳದ ಮಾತೊಂದಿತ್ತು. ಅವಳಿಗೆ ಎದೆ ನೋವು ಬಂದದ್ದು ಮಾರ್ಕೆಟ್ಟಿನಲ್ಲಿ. ಅಲ್ಲಿ ನಿಂತಿದ್ದ ಇದೇ ಬಿಳಿ ಕಾರಿನ ಹಿಂದಿನ ಬಾಗಿಲಿಗೆ ಕೈ ಕೊಟ್ಟು ಕುಸಿದಿದ್ದಳು. ಸುದ್ದಿ ಕೇಳಿ ಇವನು ಓಡಿ ಹೋದ, ಕೈಯಲ್ಲಿ ಎಣ್ಣೆಬಟ್ಟೆ ಹಾಗೇ ಇತ್ತು. ಅವಳು ಗಾಲಿಗೆ ಒರಗಿ ಕೂತಿದ್ದಳು, ಮೈಯೆಲ್ಲ ಬೆವರು.

"ಮೊದಲ ಆ ಕಲೀ ತಗೀರಿ," ಅಂದಳು ಅವಳೇ. "ಒಣಗಿದ್ರ ಹೋಗೂದಿಲ್ಲ. ಸುಮ್ನ ಬೈಸ್ಕೋಬೇಕು."

ಇವನು ಬಟ್ಟೆ ಹಾಸಿದ. ಕಲೆ ಬಿಡಲಿ ಅಂತ ಕಾದ. ಅವಳೂ ಕಾದಳು. ಒಮ್ಮೆ ತಿಕ್ಕಲು ಹೋದಾಗ "ತಿಕ್ಕಬ್ಯಾಡ್ರಿ, ಬಣ್ಣ ಕೆಡತೈತಿ" ಅಂದಳು. ಕಲೆ ಹೋದ ಮೇಲೆ ಟಂಟಂ ಆಟೋ ಹತ್ತಿದರು. ಹಾವೇರಿಯ ದವಾಖಾನೆ ಮುಟ್ಟಲಿಲ್ಲ. ಮೋಟೆಬೆನ್ನೂರಿನ ಹತ್ತಿರ ಅವಳ ಉಸಿರು ನಿಂತಿತ್ತು.

ಈಗ ಮತ್ತೆ ಅದೇ ಬಾಗಿಲು, ಕೈಯಲ್ಲಿ ಅದೇ ಬಟ್ಟೆ. ಕಾರಿನೊಳಗಿಂದ... ಚಿಟಕ್. ತಡೆದು, ಮತ್ತೆ ಚಿಟಕ್. ಗಾಜು ಏರಿಸಿತ್ತು. ಒಳಗೆ ಯಾರೂ ಇರಲಿಲ್ಲ.

"ಗುಲಾಬಿ," ಅಂದ, ತುಟಿಯಲ್ಲೇ. "ಏನ್ ಬೇಕ?"

ಸಪ್ಪಳ ನಿಂತಿತು. ಆಮೇಲೆ ಅವನ ಮೊಣಕಾಲಿನ ಹತ್ತಿರ, ಗಾಲಿಯ ಮಗ್ಗುಲಿಗೆ, ನೆಲಕ್ಕೆ ಕೂತವರ ಉಸಿರು... ಸುಯ್... ಸುಯ್...

"ಭಾಳ ಬ್ಯಾನಿ ಆಗಾಕತ್ತೈತ್ರಿ. ಲಗೂ ನಡೀರಿ."

ಅವತ್ತು ಅವಳು ಆಡದೇ ಉಳಿದ ಮಾತು ಇದೊಂದೇ.

ಬಟ್ಟೆ ಕೆಳಗೆ ಬಿತ್ತು. ಖಲಂದರ ಹಿಂದಿನ ಬಾಗಿಲು ತೆಗೆದು ನಿಂತ. ಸೀಟು ಜರ್ ಅಂತ ತಗ್ಗಿತು. ಸೆರಗು ಸಿಕ್ಕೀತು ಅಂತ ನೋಡಿಕೊಂಡು ಬಾಗಿಲು ಹಾಕಿದ. ನೋಡಿ, ಕಾಣದವಳ ಸೆರಗು... ಆದರೂ ನೋಡಿಕೊಂಡ. ಗಾಡಿ ಎಬ್ಬಿಸಿದ.

ಕನ್ನಡಿಯಲ್ಲಿ ನೋಡಲಿಲ್ಲ. ಹಿಂದೆ ಉಸಿರು ಎಳೆಯುತ್ತಲೇ ಇತ್ತು. ಮೋಟೆಬೆನ್ನೂರು ಬಂತು. ಸ್ಟೇರಿಂಗ್ ಬಿಗಿಯಾಗಿ ಹಿಡಿದ. ಸುಯ್... ಸುಯ್... ನಿಲ್ಲಲಿಲ್ಲ. ಊರು ದಾಟಿತು, ದೊಡ್ಡ ರಸ್ತೆ ಬಂತು, ಉಸಿರು ಜೊತೆಗೇ ಬಂತು. ಅಲ್ಲಿ ಅವನಿಗೆ ಅಳು ಬಂತು. ಇಷ್ಟು ದಿನ ಎಲ್ಲಿ ಸತ್ತಿತ್ತೋ ಆ ಅಳು. ರಸ್ತೆ ಕಾಣದ ಹಾಗೆ ಅತ್ತ, ಆದರೆ ಗಾಡಿ ನಿಲ್ಲಿಸಲಿಲ್ಲ.

ಹಾವೇರಿಯ ದವಾಖಾನೆಯ ಬಾಗಿಲಲ್ಲಿ ಕಾರು ನಿಂತಾಗ, ಗಾಲಿಕುರ್ಚಿ ತಳ್ಳುವ ಚಂದ್ರಪ್ಪ ತಾನಾಗಿ ಬಂದು ಹಿಂದಿನ ಬಾಗಿಲು ತೆಗೆದ. ಕುರ್ಚಿಯನ್ನು ಸೀಟಿಗೆ ತಾಗಿಸಿ ಹಿಡಿದ, ಕಾಲಿಡುವ ಪಟ್ಟಿ ಟಕ್ ಅಂತ ಇಳಿಸಿದ. ಆಮೇಲೆ ಕಿರ್... ಕಿರ್... ಒಳಗೆ ತಳ್ಳಿಕೊಂಡು ಹೋದ. ಖಲಂದರನಿಗೆ ಕಂಡದ್ದು ಬರೀ ಕುರ್ಚಿ. ಕಾರಿನ ಬಾಗಿಲ ಮೇಲೆ ಏನೂ ಉಳಿದಿರಲಿಲ್ಲ. ಆಮೇಲೆಂದೂ ವಿರೂಪಾಕ್ಷ ಆ ಕಲೆಗಾಗಿ ಬರಲಿಲ್ಲ.

ನಂಬದಿದ್ದರೆ ಬಿಡಿ, ನಾನು ಆದದ್ದನ್ನು ಆದ ಹಾಗೆ ಹೇಳಿದ್ದೇನೆ. ಚಂದ್ರಪ್ಪ ಗುತ್ತಲದವನು, ಈಗಲೂ ಅಲ್ಲೇ ಕೆಲಸದಲ್ಲಿದ್ದಾನೆ. ಖಾಲಿ ಕುರ್ಚಿ ಯಾಕೆ ಒಳಗೆ ಒಯ್ದೆಯೋ ಅಂತ ನಾನೇ ಹೋಗಿ ಕೇಳಿದೆ. ಬೀಡಿ ಆರಿಸಿ, ಆ ಕಡೆ ಈ ಕಡೆ ನೋಡಿದ.

"ನನಗೂ ಯಾರೂ ಕಾಣ್ಲಿಲ್ರಿ," ಅಂದ. "ಬಾಗಿಲಾ ತಗದೆ, ಕುರ್ಚಿ ಭಾರ ಆತು. ಭಾರ ಆದ ಮ್ಯಾಲ ಒಳಗ ಒಯ್ಯೂದು ನನ್ನ ಕೆಲಸ. ಒಯ್ದೆ."